ಮುಂಗಡ ಅಭಿನಂದನೆ

ಜೂನ್ ಹನ್ನೊಂದರಂದು ಹಿವರವಾಡಿಯ ಸರಕಾರಿ ಶಾಲೆಯ ಎಂಟನೇ ತರಗತಿಯ ಹಾಜರಿ ಪುಸ್ತಕವನ್ನು ಆರು ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ಕಳಿಸಲಾಯಿತು. ಹತ್ತೊಂಬತ್ತು ಮಕ್ಕಳ ಹೆಸರು ಅದರ ಜೊತೆ ಹೋಯಿತು. ಮಕ್ಕಳು ಊರಲ್ಲೇ ಉಳಿದರು.

ಆದೇಶ ಒಂದೂವರೆ ಪುಟದ್ದು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಎಂಟನೇ ತರಗತಿಗಳನ್ನು ಹತ್ತಿರದ ಪ್ರೌಢಶಾಲೆಯೊಂದಿಗೆ ವಿಲೀನಗೊಳಿಸತಕ್ಕದ್ದು ಎಂದು ಅದರಲ್ಲಿತ್ತು. ಹತ್ತಿರ ಎನ್ನುವುದು ನಕ್ಷೆಯ ಮಾತು. ನಡುವೆ ಒಂದು ಹಳ್ಳ ಬರುತ್ತದೆ, ಅದಕ್ಕೆ ಸೇತುವೆ ಇಲ್ಲ. ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಮಳೆ ಬಿದ್ದರೆ ಕರಿಮಣ್ಣು ಕಾಲಿನ ಚಪ್ಪಲಿಯನ್ನು ಕಿತ್ತು ತಾನೇ ಇಟ್ಟುಕೊಳ್ಳುತ್ತದೆ. ಬಸ್ಸು ಮುಂಜಾನೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ. ಎಂಟು ಗಂಡುಹುಡುಗರು ಒಂದು ವಾರದೊಳಗೆ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು, ಯಾರದೋ ಟಂಟಂ ಆಟೋಗೆ ಜೋತುಬಿದ್ದು ಹೈಸ್ಕೂಲು ಸೇರಿದರು. ಹನ್ನೊಂದು ಹುಡುಗಿಯರಲ್ಲಿ ಒಬ್ಬಳನ್ನೂ ಮನೆಯವರು ಕಳಿಸಲಿಲ್ಲ.

ಆ ಹನ್ನೊಂದರಲ್ಲಿ ಒಬ್ಬಳು ಈಶ್ವರಿ. ಅವಳ ತಾಯಿ ಕಸ್ತೂರಿಬಾಯಿ ಊರಿನ ಶಾಲಾ ಸಮಿತಿಯ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿಯ ಅಧ್ಯಕ್ಷೆ. ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಎಂಟನೇ ತರಗತಿ ಹೋದ ದಿನವೇ ಗಂಡ ಶಿವರಾಜಪ್ಪ ಲೆಕ್ಕ ಮುಗಿಸಿಬಿಟ್ಟಿದ್ದ.

"ಹಲಬರ್ಗಾದಾಗ ನಮ್ಮಕ್ಕನ ಸೊಸಿ ಹಡದಾಳ. ಕೂಸಿನ ನೋಡ್ಲಿಕ್ಕ ಒಂದು ಆಳ ಬೇಕಂತ. ಈಕೀನ್ನ ಕಳಸೋಣು. ಸಾಲಿ ಇಲ್ಲಂದ್ರ ಇಲ್ಲಿದ್ದರ ಏನ ಮಾಡ್ತಾಳ?"

"ಸಾಲಿ ತರ್ತೇನಿ ನಾ."

"ಸಾಲಿ ಏನ ಸಂತ್ಯಾಗಿನ ಬದನಿಕಾಯಿ ಅದ ಏನ, ತರ್ಲಿಕ್ಕ?"

"ಗಣಪತಿ ಕೂಡೋ ತನ ಸುಮ್ಮಿರು. ಆಮ್ಯಾಲ ನಿನ್ನ ಮಾತು ಕೇಳ್ತೇನಿ."

ಹೀಗೆ ಗಣೇಶ ಚೌತಿಯವರೆಗೆ ವಾಯಿದೆ ಸಿಕ್ಕಿತು. ಅಷ್ಟರೊಳಗೆ ಸರಕಾರವನ್ನು ಅಲುಗಿಸಬೇಕಿತ್ತು.

ಮರುವಾರ ಈಶ್ವರಿ ಯೂನಿಫಾರ್ಮ್ ಹಾಕಿಕೊಂಡು, ಹಿಂದಿನ ವರ್ಷದವರಿಂದ ಇಸಿದುಕೊಂಡ ಎಂಟನೇ ತರಗತಿಯ ಪುಸ್ತಕಗಳನ್ನು ಹೊತ್ತು ಶಾಲೆಯ ವರಾಂಡಕ್ಕೆ ಹೋಗಿ ಕುಳಿತಳು. ಮೂರನೇ ದಿನಕ್ಕೆ ಉಳಿದ ಹತ್ತು ಹುಡುಗಿಯರೂ ಬಂದರು. ಹೆಡ್‌ಮಾಸ್ತರು ಭಾಲಚಂದ್ರ ನಿವೃತ್ತಿಗೆ ಎರಡು ವರ್ಷ ಉಳಿಸಿಕೊಂಡಿದ್ದ, ತನ್ನ ನೆರಳಿಗೂ ಹೆದರುವ ಮನುಷ್ಯ.

"ನೋಡ ಮಗಳ, ನಿಮ್ಮ ಹೆಸರು ಈಗ ನಮ್ಮ ಸಾಲ್ಯಾಗಿಲ್ಲ. ನನಗ ಹಾಜರಿ ಹಾಕ್ಲಿಕ್ಕ ಬರಂಗಿಲ್ಲ."

"ಹಾಜರಿ ನಾ ಹಾಕ್ತೇನ್ರಿ ಗುರುಜಿ. ನೀವು ಗಣಿತ ಅಷ್ಟ ಹೇಳ್ರಿ."

ಭಾಲಚಂದ್ರ ಗುರುಜಿ ಏಳನೆಯವರ ಕೋಣೆಗೆ ಹೋದರು. ಆದರೆ ಅವತ್ತಿನಿಂದ ಏಳನೇ ತರಗತಿಯ ಬಾಗಿಲು ತೆರೆದೇ ಇರತೊಡಗಿತು, ಅವರ ಧ್ವನಿಯೂ ಯಾಕೋ ದೊಡ್ಡದಾಯಿತು, ಮತ್ತು ಏಳನೆಯವರಿಗೆ ಮಧ್ಯಾಹ್ನದ ಮೇಲೆ ಎಂಟನೆಯವರ ಬೀಜಗಣಿತ ಕಲಿಯುವ ಗ್ರಹಚಾರ ಬಂತು. ಈಶ್ವರಿ ನೂರು ಪುಟದ ನೋಟಬುಕ್ಕಿಗೆ ಕೆಂಪು ಗೆರೆ ಹಾಕಿ ಹನ್ನೊಂದು ಹೆಸರು ಬರೆದು ದಿನಾಲೂ ಹಾಜರಿ ಕೂಗುತ್ತಿದ್ದಳು. ತಡವಾಗಿ ಬಂದವರಿಗೆ ಬೈಯುತ್ತಿದ್ದಳು.

*

ಎಸ್‌ಡಿಎಂಸಿಯ ಸಭೆ ಕೂಡಿತು. ಉಪಾಧ್ಯಕ್ಷ ಸಿದ್ದೇಶ್ವರನ ಮೊಬೈಲಿನಲ್ಲಿ ತನ್ನ ಮಕ್ಕಳ ಫೋಟೋಗಳಿಗಿಂತ ಶಾಸಕರ ಫೋಟೋಗಳು ಹೆಚ್ಚು. ಅವನೇ ಮೊದಲು ಬಾಯಿ ಬಿಟ್ಟ.

"ಬೀದರಕ್ಕ ಸಾಹೇಬ್ರ ಮನಿಗಿ ಹೋಗೋಣ್ರಿ ಅಕ್ಕಾ. ಶಾಲು, ಹಾರ, ಒಂದು ಕಿಲೋ ಪೇಢೆ. ಖಾಲಿ ಕೈಲಿ ಹೋದ್ರ ಗೇಟಿನ ನಾಯೀನೂ ಬೊಗಳಂಗಿಲ್ಲ."

"ಅರ್ಜಿ ಒಂದು ಬರಿರಿ ಮೊದಲ," ಎಂದಳು ಕಸ್ತೂರಿಬಾಯಿ.

ಅರ್ಜಿ ಬರೆಯಲು ಕುಳಿತದ್ದೇ ತಪ್ಪಾಯಿತು. ಹೆಂಗೂ ಹೋಗುತ್ತೇವೆ, ಇದೊಂದನ್ನೂ ಸೇರಿಸಿ ಎಂದು ಒಬ್ಬ ಎಂದ. ಹಂಗಾದರೆ ಅದೂ ಇರಲಿ ಎಂದು ಇನ್ನೊಬ್ಬ ಎಂದ. ಕಂಪೌಂಡ್ ಗೋಡೆ, ಬೋರ್‌ವೆಲ್, ಧ್ವಜಕಟ್ಟೆಗೆ ಟೈಲ್ಸ್, ಊರ ಮುಂದಿನ ಚರಂಡಿ, ಯುವಕ ಮಂಡಳಕ್ಕೆ ಕ್ರಿಕೆಟ್ ಕಿಟ್, ಹನುಮಾನ ಗುಡಿಗೆ ಹೈಮಾಸ್ಟ್ ದೀಪ. ನಾಲ್ಕು ಪುಟ ತುಂಬಿತು. ಹದಿನೇಳು ಬೇಡಿಕೆಗಳಾದವು. ಎಂಟನೇ ತರಗತಿ ಹದಿನಾಲ್ಕನೆಯದು. ಕಸ್ತೂರಿಬಾಯಿ ಅದನ್ನು ಮೇಲೆ ತೆಗೆದುಕೊಳ್ಳಿ ಎಂದಳು. "ಎಲ್ಲಾನೂ ಓದ್ತಾರ್ರಿ ಅಕ್ಕಾ, ನಂಬರಿಂದೇನದ?" ಎಂದ ಸಿದ್ದೇಶ್ವರ. ಅವಳು ಸುಮ್ಮನಾದಳು. ಅಧ್ಯಕ್ಷರ ಖುರ್ಚಿಯಲ್ಲಿ ಹೆಂಗಸು ಕುಳಿತರೆ ಗಂಡಸರು ಕೊಡುವ ಮೊದಲ ಕೆಲಸ ಸುಮ್ಮನಾಗುವುದು.

ಬೀದರದ ಆ ಮನೆಯ ಅಂಗಳದಲ್ಲಿ ಆರು ಊರಿನವರು ಮೊದಲೇ ಕುಳಿತಿದ್ದರು. ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಚೀಲ, ಎಲ್ಲ ಚೀಲದಲ್ಲೂ ಶಾಲು. ಶಾಸಕರ ಆಪ್ತ ಸಹಾಯಕ ಮಕರಂದ, ಎರಡು ಮೊಬೈಲಿನ ಚುರುಕು ಮನುಷ್ಯ, ಬಂದವರನ್ನೆಲ್ಲ ಸಾಲು ಮಾಡಿಸುತ್ತಿದ್ದ.

"ಫೋಟೋ ಮೊದಲ. ಅರ್ಜಿ ಆಮ್ಯಾಲ. ಮಾತು ಕಡಿಮಿ. ಬಾಯಿಯವರ, ನೀವು ನಡುವ ನಿಂದರ್‍ರಿ."

ಶಾಲು ಹೊದಿಸಿದರು. ಹಾರ ಹಾಕಿದರು. ಅರ್ಜಿಯ ಒಂದು ತುದಿ ಕಸ್ತೂರಿಬಾಯಿಯ ಕೈಯಲ್ಲಿ, ಇನ್ನೊಂದು ತುದಿ ಶಾಸಕರ ಕೈಯಲ್ಲಿ, ಎಲ್ಲರ ಮುಖ ಕ್ಯಾಮರಾದ ಕಡೆ. ಫೋಟೋ ಆದ ಮೇಲೆ ಶಾಸಕರು ಕಾಗದದ ಮೇಲೆ ಕಣ್ಣಾಡಿಸಿದರು. ಕಣ್ಣು ಮೊದಲ ಸಾಲು ದಾಟಲಿಲ್ಲ.

"ಕಂಪೌಂಡ್. ಬರೋಬರ್. ಸಾಲಿ ಅಂದ ಮ್ಯಾಲ ಕಂಪೌಂಡ್ ಬೇಕೇ ಬೇಕು. ಮಕರಂದ, ಬರಕೋ. ಇವರ ಕೆಲಸ ಆಯ್ತು."

"ಸಾಹೇಬ್ರ, ಹದಿನಾಲ್ಕನೇದು ನೋಡ್ರಿ, ಎಂಟನೇ ಇಯತ್ತಾ..."

ಅಷ್ಟರಲ್ಲಿ ಮುಂದಿನ ಊರಿನ ಶಾಲು ಅವಳ ತಲೆಯ ಮೇಲಿಂದಲೇ ಹಾದುಹೋಯಿತು.

ಬೀದರ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತ ವಜೀರಬೀ ನಗಲು ಶುರುಮಾಡಿದಳು. ಅವಳು ಸಮಿತಿಯ ಹಿರಿಯ ಸದಸ್ಯೆ, ಬಳೆ ಮಾರುವವಳು. ವರಾಂಡದ ಹನ್ನೊಂದು ಹುಡುಗಿಯರಲ್ಲಿ ಒಬ್ಬಳು ಅವಳ ಮೊಮ್ಮಗಳು.

"ಯಾಕ ನಗ್ತಿ ಖಾಲಾ?"

"ಒಳಗಿನ ಹುಡುಗ್ಯಾರನ್ನ ಹೊರಗ ಹಾಕ್ಯಾರ. ಈಗ ಸುತ್ತ ಗೋಡಿ ಕಟ್ತಾರಂತ. ಮತ್ತ ಒಳಗ ಬರಬಾರದಂತ ಇರಬೇಕು, ಬೇಟಿ."

ಸಿದ್ದೇಶ್ವರ ಮಾತ್ರ ಫೋಟೋವನ್ನು ಹದಿಮೂರು ಗ್ರೂಪಿಗೆ ಕಳಿಸುವುದರಲ್ಲಿ ಮಗ್ನನಾಗಿದ್ದ.

*

ಹದಿನೈದು ದಿನ ಏನೂ ಆಗಲಿಲ್ಲ. ಕಸ್ತೂರಿಬಾಯಿ ಮಕರಂದನಿಗೆ ಫೋನು ಹಚ್ಚಿದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದರು. ಈ ರಾಜ್ಯದಲ್ಲಿ ಇಷ್ಟು ಮೀಟಿಂಗು ನಡೆದರೂ ಒಂದು ಹಳ್ಳಕ್ಕೆ ಸೇತುವೆ ಬರುವುದಿಲ್ಲ.

ಆಗ ಸಿದ್ದೇಶ್ವರ ಫ್ಲೆಕ್ಸಿನ ಮಾತು ತೆಗೆದ.

ಈ ಭಾಗದಲ್ಲಿ ಒಂದು ರೂಢಿ ಇದೆ. ಕೆಲಸ ಆಗುವ ಮೊದಲೇ ಆಗಿದೆ ಎಂದು ಅಭಿನಂದನೆಯ ಫ್ಲೆಕ್ಸ್ ಕಟ್ಟಿಬಿಡುವುದು. ನಾಲ್ಕು ಜನ ನೋಡುತ್ತಾರೆ, ಹೊಗಳುತ್ತಾರೆ, ಆಮೇಲೆ ಇಲ್ಲ ಎನ್ನಲು ಸಾಹೇಬರಿಗೆ ಬಾಯಿ ಬರುವುದಿಲ್ಲ ಎಂಬುದು ಅದರ ಹಿಂದಿನ ಬುದ್ಧಿ. ಮೂರು ವರ್ಷದ ಹಿಂದೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಹೀಗೇ ಮಾಡಿದ್ದರು, ಹತ್ತೇ ದಿನದಲ್ಲಿ ಹೊಸದು ಬಂದಿತ್ತು.

"ಆಗದೇ ಇರೋದಕ್ಕ ಆಭಾರ ಹ್ಯಾಂಗ ಹೇಳೋದು?" ಎಂದಳು ಕಸ್ತೂರಿಬಾಯಿ.

"ಇದು ಆಭಾರ ಅಲ್ರಿ ಅಕ್ಕಾ, ನಾಚಿಕಿ ಹಚ್ಚೋದು. ಔರಾದ ಬಸ್‌ಸ್ಟ್ಯಾಂಡ್ ಮುಂದ ಕಟ್ಟಸ್ತೇನಿ. ನಿಮ್ಮ ಫೋಟೋ ಬೇಕು, ಅಧ್ಯಕ್ಷರದು ಇಲ್ಲಂದ್ರ ತೂಕ ಬರಂಗಿಲ್ಲ."

ಚೌತಿ ಹತ್ತಿರ ಬರುತ್ತಿತ್ತು. ಹಲಬರ್ಗಾದಿಂದ ಗಂಡನ ಅಕ್ಕ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು. ಕಸ್ತೂರಿಬಾಯಿ ಆಧಾರ್ ಕಾರ್ಡಿಗೆ ತೆಗೆಸಿದ್ದ ಹಳೆಯ ಫೋಟೋ ಕೊಟ್ಟಳು.

ಎಂಟು ಅಡಿ ಅಗಲದ ಫ್ಲೆಕ್ಸ್. ‘ಹಿವರವಾಡಿ ಶಾಲೆಯ ಎಂಟನೇ ತರಗತಿಯನ್ನು ಉಳಿಸಿಕೊಟ್ಟ ಜನಪ್ರಿಯ ಶಾಸಕರಿಗೆ ಎಸ್‌ಡಿಎಂಸಿ ಹಾಗೂ ಸಮಸ್ತ ಗ್ರಾಮಸ್ಥರ ಹೃತ್ಪೂರ್ವಕ ಅಭಿನಂದನೆಗಳು.’ ಶಾಸಕರು ಕೈಮುಗಿದು ಆಳೆತ್ತರಕ್ಕೆ ನಿಂತಿದ್ದರು. ಕೆಳಗೆ ಮೂಲೆಯ ಗುಂಡುಚೌಕಟ್ಟಿನಲ್ಲಿ, ಹೆದರಿದ ಕಣ್ಣಿನ ಕಸ್ತೂರಿಬಾಯಿ. ಔರಾದಕ್ಕೆ ಹೋದವರೆಲ್ಲ ನೋಡಿ ಬಂದು ಅವಳಿಗೆ ಹೇಳಿದರು. ಕೆಲವರು ಮಕ್ಕಳಿಗೆ ಎಂಟನೇ ತರಗತಿ ಮತ್ತೆ ಶುರುವಾಯಿತಂತೆ ಹೌದೇ ಎಂದು ಅವಳನ್ನೇ ಕೇಳಿದರು.

ನಾಚಿಕೆ ಹತ್ತಬೇಕಾದವರಿಗೆ ಹತ್ತಲಿಲ್ಲ.

*

ಜುಲೈ ಕೊನೆಯಲ್ಲಿ ಕಸ್ತೂರಿಬಾಯಿ ಯೂನಿಫಾರ್ಮಿನ ಬಟ್ಟೆ ತರಲು ಭಾಲ್ಕಿಗೆ ಹೋದಳು. ಅಲ್ಲಿ ಜಾನಕಿಬಾಯಿ ಇದ್ದರು. ಒಂದು ಕಾಲಕ್ಕೆ ಹಿವರವಾಡಿಯಲ್ಲಿ ಕಸ್ತೂರಿಬಾಯಿಗೆ ಕಲಿಸಿದ ಶಿಕ್ಷಕಿ, ಈಗ ನಿವೃತ್ತಿ. ಶಿಕ್ಷಕರ ಸಂಘದ ಕೆಲಸಕ್ಕೆ ಎಷ್ಟೋ ಸಲ ಬೆಂಗಳೂರಿನ ವಿಧಾನಸೌಧ ಹತ್ತಿ ಇಳಿದವರು. ಅರ್ಜಿಯ ಝೆರಾಕ್ಸ್ ಕೇಳಿ ಇಸಿದುಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿದರು.

"ಹದಿನೇಳು! ಕಸ್ತೂರಿ, ಇದು ಅರ್ಜಿ ಏನ ಕಿರಾಣಿ ಚೀಟಿ?"

"ಎಲ್ಲಾರೂ ಹೇಳಿದ್ರರಿ ಅಕ್ಕೋರ, ಬರದೆವು."

"ಹದಿನೇಳು ಕೇಳಿದ್ರ ಅವರಿಗಿ ಯಾವುದು ಹಗೂರ ಅದು ಕೊಡ್ತಾರ. ಗೋಡಿ ಹಗೂರ. ಟೆಂಡರ್ ಆಗ್ತದ, ಕಲ್ಲು ಇಡ್ತಾರ, ಹೆಸರು ಕೆತ್ತಸ್ತಾರ. ಎಂಟನೇ ಇಯತ್ತಾಕ್ಕ ಏನ ಕೆತ್ತಸ್ಬೇಕು? ಒಂದೇ ಕೇಳಬೇಕು ಮಗಳ. ಅದು ಆಗೋ ತನ ಎರಡನೇದು ಬಾಯಿಲೆ ತೆಗೀಬಾರದು."

"ಮತ್ತ ಹ್ಯಾಂಗ ಬರೀಲಿರಿ?"

"ಒಂದೇ ಪುಟ. ಹನ್ನೊಂದು ಹುಡುಗ್ಯಾರ ಹೆಸರು. ಹಳ್ಳ ಎಷ್ಟ ದೂರ, ಬಸ್ಸು ಎಷ್ಟಕ್ಕ ಬರ್ತದ. ಕಡೀಕ ಒಂದು ಪ್ರಶ್ನಿ: ಹಾಜರಿ ಪುಸ್ತಕ ಯಾವ ತಾರೀಖಿಗಿ ವಾಪಸ್ ಕೊಡ್ತೀರಿ? ನೋಡ್ತೇವಿ ಅಂತಾರ. ನೋಡ್ರಿ ಸಾಹೇಬ್ರ, ತಾರೀಖು ಹೇಳಿ ನೋಡ್ರಿ ಅನ್ನು. ಕಾಗದ ಕೊಟ್ಟಲ್ಲಿ ಇನ್ನೊಂದು ಪ್ರತಿ ಮ್ಯಾಲ ಮುಟ್ಟಿತಂತ ಆಫೀಸಿನ ಶಿಕ್ಕಾ ಹಾಕಸ್ಕೋ. ಶಿಕ್ಕಾ ಇಲ್ಲದ ಅರ್ಜಿ ಗಾಳ್ಯಾಗ ಹೋಗ್ತದ. ಮತ್ತ ಒಬ್ಬರ ಬಾಗಲಿಗೇ ಹೋಗಬ್ಯಾಡ. ಇವರು ಕೇಳ್ಲಿಲ್ಲಂದ್ರ ಮ್ಯಾಲ್ಮನಿಯವ್ರು ಇದ್ದಾರ, ಸದನದಾಗ ಪ್ರಶ್ನಿ ಕೇಳ್ಲಿಕ್ಕ ಅವರಿಗೂ ಹಕ್ಕ ಅದ. ಅರ್ಜಿಗಿ ಉತ್ತರ ಕೊಡಬೇಕಂತಿಲ್ಲ, ಪ್ರಶ್ನಿಗಿ ಕೊಡಲೇಬೇಕು."

"ಶಾಲು ಒಯ್ಯಲೇನ್ರಿ?"

ಜಾನಕಿಬಾಯಿ ಅವಳನ್ನು ದಿಟ್ಟಿಸಿದರು. ಏಳನೇ ತರಗತಿಯಲ್ಲಿ ಲೆಕ್ಕ ತಪ್ಪಿದಾಗ ನೋಡುತ್ತಿದ್ದ ಅದೇ ನೋಟ.

"ಕೆಲಸ ಆದ ಮ್ಯಾಲ ಒಯ್ಯಿ."

ಮುಂದಿನ ಭಾನುವಾರ ಭಾಲ್ಕಿಯಲ್ಲಿ ಶಿಕ್ಷಕರ ಸಮಾರಂಭವಿತ್ತು. ಅದಕ್ಕೆ ಬಂದಿದ್ದ ವಿಧಾನ ಪರಿಷತ್ತಿನ ಸದಸ್ಯರೊಬ್ಬರು ಊಟದ ಪಂಕ್ತಿಗೆ ಹೋಗುವ ಮೊದಲು ನಿಂತಲ್ಲೇ ಆ ಒಂದು ಪುಟ ಓದಿದರು. ಕಸ್ತೂರಿಬಾಯಿ ಈಶ್ವರಿಯ ನೋಟಬುಕ್ಕನ್ನೂ ತೋರಿಸಿದಳು. ಮೂವತ್ತೆಂಟು ದಿನಗಳ ಹಾಜರಿ, ಕೆಂಪು ಗೆರೆ, ಒಂದೆಡೆ ‘ಮುಕ್ತಾ, ತಡ, ಬೈಸಿಕೊಂಡಳು’ ಎಂಬ ಷರಾ. ಸದಸ್ಯರು ಪುಟಗಳನ್ನು ಹಿಂದುಮುಂದೆ ತಿರುವಿದರು.

"ದಿನಾ ಬರ್ತಾರ?"

"ದಿನಾ ಬರ್ತಾರ್ರಿ. ಹೆಸರು ಹೈಸ್ಕೂಲಿನಾಗ ಅದಾವ, ಹುಡುಗ್ಯಾರು ವರಾಂಡದಾಗ ಇದ್ದಾರ."

"ಈ ಅಧಿವೇಶನದಾಗ ಕೇಳ್ತೇನಮ್ಮ. ಉತ್ತರ ಬರ್ತದ. ನ್ಯಾಯ ಬರ್ತದೋ ಇಲ್ಲೋ ನಾ ಹೇಳಂಗಿಲ್ಲ."

ಇಷ್ಟು ದಿನದಲ್ಲಿ ಅವಳಿಗೆ ಯಾರೋ ಹೇಳಿದ ಮೊದಲ ನಿಜವಾದ ಮಾತು ಅದು.

*

ಆಗಸ್ಟ್ ನಡುವೆ ಉತ್ತರ ಬಂತು. ಜಾನಕಿಬಾಯಿ ಭಾಲ್ಕಿಗೆ ಕರೆಸಿ ತಮ್ಮ ಮೊಬೈಲನ್ನು ಕಸ್ತೂರಿಬಾಯಿಯ ಕೈಗೆ ಕೊಟ್ಟರು. ತಾವು ಓದಿ ಹೇಳಲಿಲ್ಲ.

‘ಸದರಿ ಶಾಲೆಯ ಎಂಟನೇ ತರಗತಿಯ ಎಲ್ಲ ಹತ್ತೊಂಬತ್ತು ವಿದ್ಯಾರ್ಥಿಗಳು ಸಮೀಪದ ಪ್ರೌಢಶಾಲೆಯಲ್ಲಿ ದಾಖಲಾಗಿ ವ್ಯಾಸಂಗ ಮುಂದುವರಿಸಿರುತ್ತಾರೆ. ವಿಷಯವನ್ನು ಸ್ಥಳೀಯ ಶಾಸಕರು ಈಗಾಗಲೇ ತೃಪ್ತಿಕರವಾಗಿ ಬಗೆಹರಿಸಿದ್ದು, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಸಾರ್ವಜನಿಕವಾಗಿ ಅಭಿನಂದನೆ ಸಲ್ಲಿಸಿರುತ್ತಾರೆ. ಛಾಯಾಚಿತ್ರ ಲಗತ್ತಿಸಿದೆ.’

ಕೆಳಗೆ ಛಾಯಾಚಿತ್ರ. ಔರಾದ ಬಸ್‌ಸ್ಟ್ಯಾಂಡಿನ ಮುಂದಿನ ಫ್ಲೆಕ್ಸ್. ಮೂಲೆಯ ಗುಂಡುಚೌಕಟ್ಟಿನಲ್ಲಿ ಅವಳದೇ ಮುಖ.

"ಫೋಟೋ ಛಲೋ ಬಂದದ," ಎಂದರು ಜಾನಕಿಬಾಯಿ.

ಕಸ್ತೂರಿಬಾಯಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸರಕಾರದ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಸರಕಾರ ತೋರಿಸಿದ ಸಾಕ್ಷಿ ಅವಳೇ ಆಗಿದ್ದಳು. ಶಾಸಕರನ್ನು ನಾಚಿಸಲು ಕಟ್ಟಿದ್ದ ಸುಳ್ಳನ್ನು ಅವರು ತೆಗೆದುಕೊಂಡು ಮಡಚಿ, ಸದನದ ಕಡತದೊಳಗೆ ಇಟ್ಟುಬಿಟ್ಟಿದ್ದರು. ಕಡತದೊಳಗೆ ಹೋದ ಮೇಲೆ ಸುಳ್ಳಿಗೂ ಒಂದು ನಂಬರು ಬರುತ್ತದೆ.

"ಇದನ್ನ ಹಿಂದ ತಗೋಳಿಕ್ಕ ಬರ್ತದೇನ್ರಿ ಅಕ್ಕೋರ?"

"ಬರ್ತದ. ಅಧ್ಯಕ್ಷರಾಗಿ ಬರದು ಕೊಡು. ಫ್ಲೆಕ್ಸ್ ಮೊದಲ ಕಟ್ಟಿದ್ದೆವು, ಕೆಲಸ ಆಗಿಲ್ಲ, ಹುಡುಗ್ಯಾರು ಇನ್ನೂ ವರಾಂಡದಾಗ ಕುಂತಾರ ಅಂತ. ಹಾಜರಿಯ ಝೆರಾಕ್ಸ್ ಹಚ್ಚು. ಸದನಕ್ಕ ತಪ್ಪು ಉತ್ತರ ಕೊಟ್ಟಾರಂದ್ರ ಸದಸ್ಯರು ಸುಮ್ಮಿರಂಗಿಲ್ಲ. ಆದ್ರ ಒಂದು ಮಾತು ನೆನಪಿಡು." ಜಾನಕಿಬಾಯಿ ಧ್ವನಿ ಇಳಿಸಿದರು. "ಈ ಕಾಗದ ಮುಟ್ಟಿದ ಕೂಡಲೇ ಅವರು ನಿನ್ನ ಹಂತೇಕ ಬರ್ತಾರ. ಏನರೆ ಒಂದು ಠರಾವು ತರ್ತಾರ, ಸೈ ಮಾಡು ಅಂತಾರ. ನೀ ಸೈ ಮಾಡಿದ್ರ ಅವರ ಸುಳ್ಳು ಖರೇ ಆಗ್ತದ. ಆಮ್ಯಾಲ ನನ್ನ ಹಂತೇಕ ಬರಬ್ಯಾಡ."

ಕಸ್ತೂರಿಬಾಯಿ ಅಲ್ಲೇ ಕುಳಿತು ಬರೆದು, ಬೆಂಗಳೂರಿಗೆ ಕಳಿಸಲು ಕೊಟ್ಟಳು. ಮರುದಿನ ಔರಾದಕ್ಕೆ ಹೋಗಿ ಸಿದ್ದೇಶ್ವರನಿಗೆ ಏಣಿ ಹಿಡಿಯಲು ಹಚ್ಚಿ, ತಾನೇ ಹತ್ತಿ ಫ್ಲೆಕ್ಸಿನ ಹಗ್ಗ ಕೊಯ್ದಳು.

"ಸಾಹೇಬ್ರಿಗಿ ಗೊತ್ತಾದ್ರ ನನ್ನ ಗತಿ ಏನ್ರಿ ಅಕ್ಕಾ," ಎಂದು ಅವನು ಏಣಿಯ ಕೆಳಗೆ ಗೊಣಗುತ್ತಲೇ ಇದ್ದ.

"ಏಣಿ ಬಿಟ್ಟಿ ಅಂದ್ರ ನನ್ನ ಗತಿ ಏನಂತ ಮೊದಲ ನೋಡೋ ಮಾರಾಯಾ."

ಶ್ರಾವಣದ ಮಳೆಗೆ ವರಾಂಡದ ಫರಸಿ ಒದ್ದೆಯಾಗಿ ಹುಡುಗಿಯರು ಚೀಲಗಳ ಮೇಲೆ ಕುಳಿತುಕೊಳ್ಳುತ್ತಿದ್ದರು. ಫ್ಲೆಕ್ಸ್ ಅಲ್ಲಿಗೆ ಹೋಯಿತು. ಈಶ್ವರಿ ಚಿತ್ರದ ಬದಿ ಕೆಳಗೆ ಮಾಡಿ, ಬಿಳಿ ಬದಿ ಮೇಲೆ ಮಾಡಿ ಹಾಸಿದಳು. ಸಾಹೇಬರ ಮುಖದ ಮೇಲೆ ಕುಳಿತುಕೊಳ್ಳಬಾರದೆಂಬ ಮರ್ಯಾದೆ ಅವಳದು. ಎಂಟು ಅಡಿಯಲ್ಲಿ ಹನ್ನೊಂದು ಜನ ಸರಿಯಾಗಿ ಹಿಡಿದರು. ಕಟ್ಟಿದಾಗಿನಿಂದ ಆ ಫ್ಲೆಕ್ಸಿನಿಂದಾದ ಉಪಯೋಗ ಅದೊಂದೇ.

*

ಚೌತಿಗೆ ಐದು ದಿನ ಇರುವಾಗ ಕಂಪೌಂಡ್ ಗೋಡೆಯ ಭೂಮಿಪೂಜೆ ಗೊತ್ತಾಯಿತು. ಶಾಲೆಯ ಅಂಗಳದಲ್ಲಿ ಪೆಂಡಾಲು ಎದ್ದಿತು. ಹೆಸರು ಕೆತ್ತಿದ ಕಲ್ಲು ಗೋಡೆಗಿಂತ ಮೊದಲೇ ಬಂದು ಪರದೆ ಹೊದ್ದು ನಿಂತಿತು. ಶಾಸಕರು ಬರುವ ಒಂದು ತಾಸು ಮೊದಲು ಮಕರಂದ ಜೀಪಿನಿಂದ ಇಳಿದ. ನೆಟ್ಟಗೆ ವರಾಂಡಕ್ಕೆ ಬಂದವನು ಹುಡುಗಿಯರ ಕೆಳಗಿನ ಹಾಸನ್ನು ನೋಡಿದ. ಬಗ್ಗಿ ಒಂದು ತುದಿ ಎತ್ತಿದ. ಅಲ್ಲಿ ಶಾಸಕರ ಮುಗಿದ ಕೈಗಳಿದ್ದವು.

"ಗುರುಜಿ! ಏನಿದು? ಸಾಹೇಬ್ರನ್ನ ನೆಲಕ್ಕ ಹಾಸೀರಿ?"

ಭಾಲಚಂದ್ರ ಗುರುಜಿ ತೊದಲಿದರು. "ಒದ್ದಿ ಇತ್ತರಿ... ನೆಲ..."

"ಇವರ ಹೆಸರು ಈ ಸಾಲ್ಯಾಗ ಇಲ್ಲ. ಎಬ್ಬಸಿ ಮನಿಗಿ ಕಳಸ್ರಿ. ಅಧ್ಯಕ್ಷರೆಲ್ಲಿ?"

ಕಸ್ತೂರಿಬಾಯಿ ಪೆಂಡಾಲಿನ ಕಡೆಯಿಂದ ಬಂದಳು. ಅವಳ ಹಿಂದೆ ವಜೀರಬೀ, ಸಿದ್ದೇಶ್ವರ, ಮತ್ತು ಊರೆಲ್ಲ ಬಂದಿದ್ದರಿಂದ ಬಂದಿದ್ದ ಶಿವರಾಜಪ್ಪ. ಮಕರಂದನ ಧ್ವನಿ ಒಮ್ಮೆಲೇ ಮೆತ್ತಗಾಯಿತು. ಸಮಿತಿಯ ಠರಾವಿನ, ಅಂದರೆ ನಿರ್ಣಯಗಳ ಪುಸ್ತಕವನ್ನು ಅವನಾಗಲೇ ಆಫೀಸಿನಿಂದ ತರಿಸಿಕೊಂಡಿದ್ದ. ಒಂದು ಪುಟದಲ್ಲಿ ಎಲ್ಲ ಬರೆದು ತಯಾರಿತ್ತು.

‘ಎಂಟನೇ ತರಗತಿಯನ್ನು ಪ್ರೌಢಶಾಲೆಯೊಂದಿಗೆ ವಿಲೀನಗೊಳಿಸಲು ಪಾಲಕರ ಪೂರ್ಣ ಒಪ್ಪಿಗೆ ಇದ್ದು, ಈ ಕುರಿತು ಯಾವುದೇ ತಕರಾರು ಇರುವುದಿಲ್ಲ ಎಂದು ಸರ್ವಾನುಮತದಿಂದ ಠರಾಯಿಸಲಾಯಿತು.’ ತಾರೀಖು ಜೂನ್ ಐದು.

"ಜೂನ್ ಐದಕ್ಕ ಸಭಾನೇ ಆಗಿಲ್ಲರಿ," ಎಂದಳು ಕಸ್ತೂರಿಬಾಯಿ.

"ಆಗ್ಯದ ಅಂತ ಬರದದಲ್ಲರಿ ಬಾಯಿಯವರ. ನೋಡ್ರಿ, ಫ್ಲೆಕ್ಸ್ ಕಟ್ಟಿಸಿದವ್ರು ನೀವೇ. ಆಭಾರ ಹೇಳಿದವ್ರು ನೀವೇ. ಈಗ ಬೆಂಗಳೂರಿಗಿ ಬ್ಯಾರೇ ಕಾಗದ ಬರದೀರಿ. ಸಾಹೇಬ್ರು ಸುಳ್ಳುಗಾರ ಆಗ್ತಾರ, ನೀವೂ ಆಗ್ತೀರಿ. ಇಷ್ಟ ಒಂದು ಸೈ, ಎಲ್ಲಾ ಬರೋಬರ್ ಆಗ್ತದ."

"ಎಂಟನೇ ಇಯತ್ತಾದ ಹಾಜರಿ ಪುಸ್ತಕ ಯಾವ ತಾರೀಖಿಗಿ ವಾಪಸ್ ಬರ್ತದರಿ?"

"ಅದು ನೋಡ್ತೇವಿ."

"ತಾರೀಖು ಹೇಳಿ ನೋಡ್ರಿ."

ಮಕರಂದ ಸುತ್ತ ನೋಡಿದ. ಜೇಬಿನಿಂದ ಇನ್ನೊಂದು ಕಾಗದ ತೆಗೆದ. ಶಾಸಕರ ಲೆಟರ್‌ಹೆಡ್ಡು, ಕೆಳಗೆ ಹಸಿರು ಶಾಯಿಯ ರುಜು.

"ಸಾಹೇಬ್ರಿಗಿ ನಿಮ್ಮ ಫಿಕರ್ ಅದ. ಬೀದರದ ವಸತಿ ಸಾಲ್ಯಾಗ ನಿಮ್ಮ ಮಗಳಿಗಿ ಸೀಟು. ಊಟ, ಬಟ್ಟಿ, ಪುಸ್ತಕ, ಎಲ್ಲಾ ಫುಕಟ್. ನಾಳಿಗೇ ಹೋಗಿ ಸೇರಸ್ರಿ. ಹತ್ತನೇ ತನ ನಿಮಗ ಚಿಂತಿಲ್ಲ."

ಶಿವರಾಜಪ್ಪ ಕಾಗದ ಇಸಿದುಕೊಂಡು ಮಗಳ ಹೆಸರನ್ನು ಎರಡು ಸಲ ಓದಿದ. ಹಲಬರ್ಗಾದ ಕೂಸು ಅವನ ತಲೆಯಿಂದ ಆ ಕ್ಷಣಕ್ಕೆ ಇಳಿದುಹೋಗಿತ್ತು.

"ಸೈ ಮಾಡ ಕಸ್ತೂರಿ. ನೀ ಬೇಡಿದ್ದು ಇದೇ ಅಲ್ಲ? ಈಶ್ವರಿ ಸಾಲಿ ಕಲೀತಾಳ. ನಾ ಏನೂ ಅನ್ನಂಗಿಲ್ಲ ಇನ್ನ."

ಅವನು ಹೇಳಿದ್ದು ನಿಜವಾಗಿತ್ತು. ಜೂನ್‌ನಿಂದ ಅವಳು ಬೇಡಿದ್ದು ಇದನ್ನೇ. ಮಗಳ ಎಂಟನೇ ತರಗತಿ ಅವನ ಕೈಯಲ್ಲಿ ಎರಡು ಮಡಿಕೆಯ ಕಾಗದವಾಗಿ ನಿಂತಿತ್ತು.

"ಹನ್ನೊಂದು ಸೀಟು ಅದಾವೇನ್ರಿ?" ಕಸ್ತೂರಿಬಾಯಿ ಕೇಳಿದಳು.

"ಒಂದೇ ಅದರಿ. ಅದೇ ಎಷ್ಟ ಓಡಾಡಿ ತಂದೇವಿ."

ಕಸ್ತೂರಿಬಾಯಿ ವಜೀರಬೀಯ ಕಡೆ ತಿರುಗಿದಳು. ಯಾವುದಕ್ಕೂ ಒಂದು ಮಾತು ಇಟ್ಟುಕೊಂಡೇ ಇರುವ ವಜೀರಬೀ ಈ ಸಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪೆಂಡಾಲಿನ ಕಂಬವನ್ನು ನೋಡುತ್ತಿದ್ದಳು. ಸೈ ಮಾಡು ಎನ್ನಲು ಅವಳಿಗೆ ಮನಸ್ಸಿಲ್ಲ, ಮಾಡಬೇಡ ಎನ್ನಲು ಹಕ್ಕಿಲ್ಲ. ಅವಳ ಮೊಮ್ಮಗಳು ವರಾಂಡದ ಫ್ಲೆಕ್ಸಿನ ಮೇಲೆ ಈಶ್ವರಿಯ ಪಕ್ಕದಲ್ಲೇ ಇದ್ದಳು, ಪುಸ್ತಕದಲ್ಲಿ ತಲೆ ಹುದುಗಿಸಿ, ಒಂದೇ ಪುಟವನ್ನು ಬಹಳ ಹೊತ್ತಿನಿಂದ ನೋಡುತ್ತಾ.

ಈಶ್ವರಿ ಮಾತ್ರ ನೇರ ತಾಯಿಯ ಮುಖ ನೋಡುತ್ತಿದ್ದಳು. ಏನನ್ನೂ ಬೇಡುತ್ತಿರಲಿಲ್ಲ. ತೊಡೆಯ ಮೇಲೆ ಹಾಜರಿಯ ನೋಟಬುಕ್ಕು ತೆರೆದೇ ಇತ್ತು.

ದೂರದಲ್ಲಿ ಹಲಗೆ ಬಾರಿಸುವ ಸದ್ದು ಶುರುವಾಯಿತು. ಊರ ಅಗಸಿಬಾಗಿಲ ಹತ್ತಿರ ಕಾರುಗಳ ಹಾರ್ನು ಕೇಳಿತು. ಮಕರಂದ ಪೆನ್ನಿನ ಮುಚ್ಚಳ ತೆಗೆದು, ಠರಾವಿನ ಪುಸ್ತಕವನ್ನು ಸಿದ್ದೇಶ್ವರನ ಎರಡೂ ಕೈಗಳ ಮೇಲೆ ಮೇಜಿನಂತೆ ಇಟ್ಟ.

"ಜಲ್ದಿ ಮಾಡ್ರಿ ಬಾಯಿಯವರ. ಇಲ್ಲಿ ಸೈ ಮಾಡ್ರಿ, ಆ ಶಾಲಿನ ತಾಟು ಹಿಡ್ಕೋರಿ, ಬರ್‍ರಿ."

ಕಸ್ತೂರಿಬಾಯಿ ಗಂಡನ ಕೈಯಿಂದ ಕಾಗದ ತೆಗೆದುಕೊಂಡಳು. ಅದರ ಮಡಿಕೆ ಬಿಡಿಸಿ, ಮಗಳ ಹೆಸರನ್ನು ತಾನೂ ಒಮ್ಮೆ ಓದಿದಳು. ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಠರಾವಿನ ಪುಸ್ತಕದ ನಡುವೆ ಇಟ್ಟು, ಪುಸ್ತಕ ಮುಚ್ಚಿದಳು.

"ಸೈ ಮಾಡಂಗಿಲ್ಲ."

"ಏನಂದ್ರಿ?"

"ಕೇಳಸಿಲ್ಲೇನ್ರಿ? ಸೈ ಮಾಡಂಗಿಲ್ಲ. ಶಾಲೂ ಹಾಕಂಗಿಲ್ಲ. ಆಗದೇ ಇರೋದಕ್ಕ ಒಮ್ಮಿ ಆಭಾರ ಹೇಳಿ ನೋಡೇನಿ."

ಮಕರಂದ ಪೆನ್ನಿನ ಮುಚ್ಚಳ ಹಾಕಿದ. ಅಂಗಳಕ್ಕೆ ಮೊದಲ ಕಾರು ತಿರುಗಿತು.

"ಆಯ್ತು. ಹಂಗಾದ್ರ ಈ ಹುಡುಗ್ಯಾರನ್ನ ಎಬ್ಬಸ್ರಿ. ಈಗಿಂದೀಗ. ಆ ಫ್ಲೆಕ್ಸ್ ಸುತ್ತಿ ಒಳಗ ಒಗೀರಿ. ಸಾಹೇಬ್ರು ಬಂದ್ರು!"

ಕಸ್ತೂರಿಬಾಯಿ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ವರಾಂಡ ಹತ್ತಿದಳು. ಈಶ್ವರಿ ಸ್ವಲ್ಪ ಸರಿದು ಜಾಗ ಮಾಡಿದಳು. ಮಗಳಿಗೂ ವಜೀರಬೀಯ ಮೊಮ್ಮಗಳಿಗೂ ನಡುವೆ ಅವಳು ಕಾಲು ಮಡಚಿ ಕುಳಿತು, ಸೆರಗು ಸರಿಮಾಡಿಕೊಂಡಳು.

"ಎಬ್ಬಸಂಗಿಲ್ಲ," ಎಂದಳು.